ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲೇ ಜೋಡೆತ್ತು ಮಾಡುವ ಬಗೆ

ಜ್ಯೇಷ್ಠ ಮಾಸ ಮುಗಿಯುವ ಅಮಾವಾಸ್ಯೆಯಂದು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಒಕ್ಕಲು ಮನೆಗಳಲ್ಲಿ ಮಣ್ಣಿನ ಎತ್ತುಗಳನ್ನು ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಇದಕ್ಕೆ 15 ದಿನ ಮೊದಲು ಬರುವ ಕಾರಹುಣ್ಣಿಮೆ ದುಡಿಯುವ ಎತ್ತುಗಳ ಹಬ್ಬ. ಅಂದು ಅವುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆಗೆ ಕರಿ ಹರಿಸುತ್ತಾರೆ, ಅಂದರೆ ಊರ ಅಗಸೆಗೆ ಅಡ್ಡ ಕಟ್ಟಿದ ತೋರಣವನ್ನು ಎತ್ತುಗಳನ್ನು ಓಡಿಸಿ ಹರಿಸುತ್ತಾರೆ; ಬಿಳಿ ಎತ್ತು ಮುಂದಾಗಿ ಕರಿ ಹರಿದರೆ ಹಿಂಗಾರಿ ಬೆಳೆ ಕೈಹಿಡಿಯುತ್ತದೆ, ಕೆಂದೆತ್ತು ಹರಿದರೆ ಮುಂಗಾರಿ ಸಮೃದ್ಧವಾಗುತ್ತದೆ ಎಂಬ ನಂಬಿಕೆ ಇಂದಿಗೂ ಉಳಿದಿದೆ. ಅಮಾವಾಸ್ಯೆಯ ಪೂಜೆಯಾದರೋ ಎತ್ತಿಗೂ ಅದು ಉತ್ತ ಮಣ್ಣಿಗೂ ಒಟ್ಟಿಗೆ ಸಲ್ಲುವಂಥದ್ದು. ಆದ್ದರಿಂದ ಪೇಟೆಯಲ್ಲಿ ಮಾರುವ ಪ್ಲಾಸ್ಟರಿನ ಎತ್ತುಗಳನ್ನು ತಂದಿಡುವುದು ನನಗೆ ಸರಿ ಕಾಣುವುದಿಲ್ಲ. ಹೊಲದ ಮಣ್ಣೇ ಎತ್ತಾಗಬೇಕು, ಅದನ್ನು ಮನೆಯ ಮಕ್ಕಳ ಕೈಯೇ ತಿದ್ದಬೇಕು. ದನದ ಕೊಟ್ಟಿಗೆ ಖಾಲಿಯಾಗಿ ಟ್ರ್ಯಾಕ್ಟರ್ ಬಂದಿರುವ ಮನೆಗಳಲ್ಲಂತೂ ಎತ್ತಿನ ಮೈಕಟ್ಟನ್ನು ಮಕ್ಕಳು ಕೈಯಾರೆ ಅರಿಯುವುದಕ್ಕೆ ವರ್ಷದಲ್ಲಿ ಉಳಿದಿರುವುದು ಬಹುಶಃ ಇದೊಂದೇ ದಿನ.

ಅಮಾವಾಸ್ಯೆಗೆ ಮೂರು ನಾಲ್ಕು ದಿನ ಮುಂಚೆಯೇ ಮಣ್ಣನ್ನು ತರಬೇಕು. ಹೊಲದ ಬದು, ಕೆರೆಯ ಅಂಗಳ ಅಥವಾ ಹಳ್ಳದ ದಂಡೆಯ ಎರೆಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು, ಇದಕ್ಕೆ ಉತ್ತಮವಾಗಿದ್ದು, ಮೇಲಿನ ಪದರವನ್ನು ಸರಿಸಿ ಬೇರು, ಹರಳುಗಳಿಲ್ಲದ ಕೆಳಗಿನ ಮಣ್ಣನ್ನು ಅಗೆದುಕೊಳ್ಳಬೇಕು. ಮಸಾರಿ (ಕೆಂಪು ಮಣ್ಣಿನ) ನೆಲದವರು ಹುತ್ತದ ಮಣ್ಣನ್ನು ಬಳಸಬಹುದು. ಆದರೆ ಹುತ್ತವನ್ನು ಅಗೆಯುವುದು ನಮ್ಮ ಕಡೆ ನಿಷಿದ್ಧ, ಮಳೆಗೆ ಕರಗಿ ಹೊರಗೆ ಬಿದ್ದಿರುವ ಮಣ್ಣನ್ನಷ್ಟೇ ಆರಿಸಿಕೊಳ್ಳಬೇಕು. ಒಳಗೆ ಹಾವಿರಬಹುದಾದ್ದರಿಂದ ಈ ಕಟ್ಟಳೆಯನ್ನು ನಂಬದವರೂ ಪಾಲಿಸುವುದು ಒಳ್ಳೆಯದು.

ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವ ಗುಣದ್ದು. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದೂ ಇದೇ ಕಾರಣಕ್ಕೆ, ಬರಿಯ ಎರೆಯಿಂದ ಮಾಡಿದ ಎತ್ತು ಮರುದಿನಕ್ಕೆ ಹೊಟ್ಟೆ ಸೀಳಿಕೊಂಡು ನಿಲ್ಲುವುದೂ ಇದೇ ಕಾರಣಕ್ಕೆ. ಆದುದರಿಂದ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳನ್ನು ಬೆರೆಸಿ, ಹಿಡಿಯಷ್ಟು ಸೆಗಣಿ ಹಾಗೂ ಬಿಡಿಬಿಡಿಯಾಗಿ ಹಿಂಜಿದ ಸ್ವಲ್ಪ ಹತ್ತಿಯನ್ನು ಸೇರಿಸಿ ಚೆನ್ನಾಗಿ ನಾದಬೇಕು. ಹದ ರೊಟ್ಟಿಯ ಹಿಟ್ಟಿನಂತಿರಬೇಕು. ಬೆರಳು ಗಾತ್ರದ ಬತ್ತಿ ಹೊಸೆದು ಬಾಗಿಸಿದಾಗ ಅದು ಸೀಳಿದರೆ ನೀರು ಸಾಲದು, ಕೈಗೆ ಅಂಟಿದರೆ ಒಣಮಣ್ಣು ಬೇಕು.

ಎತ್ತಿನ ಮೈಯನ್ನು ಒಂದೇ ಮುದ್ದೆಯಿಂದ ತೆಗೆಯುವುದು ಉತ್ತಮ. ಕಾಲು, ಕುತ್ತಿಗೆಗಳನ್ನು ಬೇರೆಯಾಗಿ ಮಾಡಿ ಅಂಟಿಸಿದರೆ ಆರುವಾಗ ಆ ಸಂದುಗಳೇ ಮೊದಲು ಬಿಡುತ್ತವೆ. ಗೇಣಿಗಿಂತ ತುಸು ಕಡಿಮೆ ಉದ್ದದ ಮುದ್ದೆಯನ್ನು ಹೊಸೆದು, ಕೆಳಗಿನಿಂದ ನಾಲ್ಕು ಗಿಡ್ಡ ಕಾಲುಗಳನ್ನು ಚಿವುಟಿ ಎಳೆಯಬೇಕು. ಕಾಲು ತೆಳುವಾದರೆ ಎತ್ತು ನಿಲ್ಲದು. ಹೆಗಲ ಮೇಲೆ ಹಿಣಿಲನ್ನು (ಡುಬ್ಬವನ್ನು) ಎಬ್ಬಿಸಿ, ಕೊರಳ ಕೆಳಗೆ ಗಂಗೆದೊಗಲನ್ನು ಹೆಬ್ಬೆರಳಿನಿಂದ ಒತ್ತಿ ಇಳಿಬಿಡಬೇಕು. ಕೋಡಿನ ಕೆಲಸಕ್ಕೆ ತಾಳ್ಮೆ ಹೆಚ್ಚು ಬೇಕು. ಕಸಬರಿಗೆಯ ಕಡ್ಡಿಯನ್ನು ತಲೆಯೊಳಗೆ ಚುಚ್ಚಿ, ಅದರ ಸುತ್ತ ಮಣ್ಣನ್ನು ಮೆತ್ತಿ, ಒದ್ದೆ ಬೆರಳಿನಿಂದ ತುದಿಯವರೆಗೆ ಸವರಿದರೆ ಕೋಡು ಮುರಿಯುವುದಿಲ್ಲ. ಕಿಲಾರಿ ಎತ್ತನ್ನು ನೋಡಿದವರಿಗೆ ಅದರ ಕೋಡು ಮೊದಲು ಹಿಂದಕ್ಕೆ ಬಾಗಿ ಆಮೇಲೆ ಮೇಲಕ್ಕೆ ಚೂಪಾಗುವುದು ಗೊತ್ತಿರುತ್ತದೆ. ಆ ಬಾಗನ್ನು ತಂದರೆ ಅರ್ಧ ಎತ್ತು ಮಾಡಿದಂತೆಯೇ ಸರಿ. ಕಣ್ಣಿಗೆ ಗುಲಗಂಜಿ ಒತ್ತುವವರಿದ್ದಾರೆ, ಆದರೆ ಅದರ ಬೀಜ ವಿಷದ್ದಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜೋಳದ ಕಾಳೇ ಸಾಕು. ಎರಡನೆಯ ಎತ್ತನ್ನು ಮೊದಲನೆಯದರ ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು, ಇಲ್ಲದಿದ್ದರೆ ಜೋಡಿ ಹೊಂದುವುದಿಲ್ಲ. ಉಳಿದ ಮಣ್ಣಿನಲ್ಲಿ ಎತ್ತಿಗೆ ಮೇವು ಹಾಕುವ ಒಂದು ಗೋದಲಿ ಮಾಡಬೇಕು.

ಎತ್ತುಗಳನ್ನು ನೆರಳಿನಲ್ಲಿಯೇ ಆರಿಸಬೇಕು. ಬಿಸಿಲಿಗಿಟ್ಟರೆ ಹೊರಮೈ ಬೇಗ ಬಿಗಿದು ಸೀಳುತ್ತದೆ. ಸಣ್ಣ ಬಿರುಕುಗಳಿಗೆ ಅದೇ ಮಣ್ಣಿನ ತಿಳಿ ರಾಡಿಯನ್ನು ಸವರಬಹುದು. ಬಣ್ಣಕ್ಕೆ ಸುಣ್ಣ ಮತ್ತು ಹುರುಮಂಜು (ಕೆಮ್ಮಣ್ಣು) ಸಾಕು. ಮೈಗೆ ಸುಣ್ಣದ ಬೊಟ್ಟುಗಳನ್ನಿಟ್ಟು, ಕೋಡಿಗೆ ಹುರುಮಂಜು ಬಳಿದು, ಬಣ್ಣದ ದಾರದ ಗೊಂಡೆ ಕಟ್ಟಿ, ಬೆನ್ನಿನ ಮೇಲೆ ಹಳೆಯ ಕುಪ್ಪಸದ ಬಟ್ಟೆಯ ಜೂಲು ಹೊದಿಸಿದರೆ ಜೋಡಿ ಸಿದ್ಧವಾಗುತ್ತದೆ. ಎಣ್ಣೆ ಬಣ್ಣ ಬೇಡ, ಅದು ನೀರಿನಲ್ಲಿ ಕರಗುವುದಿಲ್ಲ.

ಊರಿನಲ್ಲಿ ಕುಂಬಾರರು ಮನೆಮನೆಗೆ ಎತ್ತು ತಂದುಕೊಡುವ ಪದ್ಧತಿ ಉಳಿದಿದ್ದರೆ ಅದನ್ನು ತಪ್ಪಿಸಬಾರದು. ಅವರಿಗೆ ಜೋಳ ಕೊಟ್ಟು ಎತ್ತು ಪಡೆಯುವುದು ಹಬ್ಬದ ಭಾಗವೇ ಆಗಿರುವುದರಿಂದ, ಮೊರದ ತುಂಬ ಜೋಳವನ್ನು ಧಾರಾಳವಾಗಿ ನೀಡಿ ಅವರ ಜೋಡಿಯನ್ನು ಜಗಲಿಗೇರಿಸಿ, ಮಕ್ಕಳ ಜೋಡಿಯನ್ನು ಅದರ ಪಕ್ಕದಲ್ಲಿ ಇಡಬಹುದು.

ಅಮಾವಾಸ್ಯೆಯ ದಿನ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ, ಬಿತ್ತನೆ ಎಷ್ಟೇ ಅವಸರದ್ದಾಗಿದ್ದರೂ ಅಂದು ಹೂಡುವುದಿಲ್ಲ. ಜಗಲಿಯನ್ನು ಸಾರಿಸಿ, ಮಣೆಯ ಮೇಲೆ ಜೋಡೆತ್ತುಗಳನ್ನೂ ಮುಂದೆ ಗೋದಲಿಯನ್ನೂ ಇರಿಸಿ, ವಿಭೂತಿ, ಕುಂಕುಮ, ಹೂವು ಏರಿಸಿ, ಹೋಳಿಗೆಯನ್ನೋ ಕಡುಬನ್ನೋ ಎಡೆ ಮಾಡುತ್ತಾರೆ. ಗೋದಲಿಗೆ ಒಂದಿಷ್ಟು ಮೇವು, ಕಾಳು ಹಾಕುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಕೋಡು ಮುರಿದ ಎತ್ತನ್ನು ಪೂಜೆಗೆ ಇಡುವುದಿಲ್ಲವಾದ್ದರಿಂದ ಹದ ಮಾಡಿದ ಮಣ್ಣನ್ನು ಸ್ವಲ್ಪ ಉಳಿಸಿಕೊಂಡಿರುವುದು ಜಾಣತನ.

ಪೂಜೆಯ ನಂತರ ಓಣಿಯ ಹುಡುಗರು ಒಂದು ಮಣ್ಣೆತ್ತನ್ನು ಹಿಡಿದು, ಕುಂಟೆತ್ತು ಬಂದಿದೆ ಎಂದು ಹಾಡುತ್ತ ಮನೆಮನೆಯಲ್ಲಿ ಜೋಳ ಬೇಡುವ ರೂಢಿಯಿದೆ. ಈಗಿನ ಕೆಲವು ಪೋಷಕರು ಭಿಕ್ಷೆಯೆಂದು ತಿಳಿದು ಮಕ್ಕಳನ್ನು ತಡೆಯುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ದುಡಿದು ಕಾಲು ಸೋತ ಎತ್ತಿಗೂ ಪ್ರತಿ ಮನೆಯಿಂದ ಒಂದು ಹಿಡಿ ಕಾಳು ಸಲ್ಲಬೇಕೆಂಬ ಈ ಆಟದಲ್ಲಿ ಎಲ್ಲ ಮನೆಯ ಮಕ್ಕಳೂ ಇರಬೇಕು.

ಕೊನೆಗೆ ಎತ್ತುಗಳನ್ನು ಹಳ್ಳಕ್ಕೋ ಬಾವಿಗೋ ಬಿಡುತ್ತಾರೆ. ಕುಡಿಯುವ ನೀರಿನ ಬಾವಿಗೆ ಬಿಡುವುದು ಸಲ್ಲದು; ನೀರು ಹತ್ತಿರವಿಲ್ಲದಿದ್ದರೆ ಬುಟ್ಟಿಯಲ್ಲಿ ಹೊಲಕ್ಕೆ ಒಯ್ದು ಬದುವಿನ ಮೇಲೆ ಇಟ್ಟು ಬಂದರೆ ಮಳೆಗೆ ಕರಗಿ ಮಣ್ಣು ಮಣ್ಣನ್ನು ಸೇರುತ್ತದೆ. ಗುಲಗಂಜಿ, ದಾರ, ಬಟ್ಟೆಗಳನ್ನು ಮೊದಲೇ ಬಿಚ್ಚಿಕೊಳ್ಳಬೇಕು. ಉಳಿದ ಹದಮಣ್ಣನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ: ಮರುದಿನದಿಂದ ಆಷಾಢ ಹಿಡಿಯುತ್ತದೆ, ಅದರ ಮಂಗಳವಾರಗಳಂದು ಹೆಣ್ಣುಮಕ್ಕಳು ಪೂಜೆಗೆ ಮಣ್ಣಿನ ಗುಳ್ಳವ್ವ ದೇವಿಯನ್ನು ಮಾಡಲು ಇದೇ ಮಣ್ಣು ಬೇಕಾಗುತ್ತದೆ.