ಮದುವೆ ಆಗಿಬಿಟ್ಟವರಿಗೆ ಲವ್ ಸ್ಟೋರಿ ಬರೆಯುವ ಕಷ್ಟ

ಹಳೇ ಕಾಮಿಡಿ ಸೀರಿಯಲ್ ಒಂದನ್ನು ಹಿಡಿದು ಲವ್ ಕಾಮಿಡಿ ಸಿನಿಮಾ ಮಾಡುತ್ತೇನೆ ಅಂದಾಗ ನಮ್ಮ ನಾಟಕ ತಂಡದವರು ಕೇಳಿದ್ದು ಒಂದೇ ಮಾತು, "ದುಡ್ಡು ಯಾರದ್ದು?" ಕಥೆಯ ಬಗ್ಗೆ ಯಾರೂ ಕೇಳಲಿಲ್ಲ. ನನ್ನನ್ನು ಎಂಟು ತಿಂಗಳು ತಿಂದದ್ದು ಮಾತ್ರ ಕಥೆಯೇ.

ಸೀರಿಯಲ್ ಅಮೆರಿಕದ್ದು, 'ಬಿವಿಚ್ಡ್'. 1964ರಿಂದ 1972ರವರೆಗೆ ಎಬಿಸಿ ಚಾನೆಲ್ಲಿನಲ್ಲಿ 254 ಕಂತು ಬಂದಿದೆ. ಜಾಹೀರಾತು ಕಂಪನಿಯ ಸಾಧಾರಣ ಗಂಡ, ಮಂತ್ರಶಕ್ತಿ ಇರುವ ಹೆಂಡತಿ, ಅಳಿಯನನ್ನು ಕಂಡರಾಗದ ಅತ್ತೆ. ಮಂಗಳೂರಿನ ಬಿಜೈಯ ಬಾಡಿಗೆ ರೂಮಿನಲ್ಲಿ ಕೂತು ನಲವತ್ತು ಕಂತು ನೋಡಿದೆ. ಒಂದೊಂದು ಮುಗಿದಾಗಲೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಕೊನೆಗೆ ಏನು ಬದಲಾಯಿತು? ನಲವತ್ತು ಸಲವೂ ಅದೇ ಉತ್ತರ, ಏನೂ ಇಲ್ಲ. ಇಂಥ ಕಾಮಿಡಿ ಸೀರಿಯಲ್, ಸಿಟ್ಕಾಂ ಅಂದರೆ ಹಾಗೇ ಅಲ್ವಾ, ಎಷ್ಟೇ ಗಲಾಟೆ ಆದರೂ ಕೊನೆಗೆ ಎಲ್ಲರೂ ಅದೇ ಸೋಫಾಕ್ಕೆ ಬಂದು ಕೂರಬೇಕು, ಇಲ್ಲದಿದ್ದರೆ ಮುಂದಿನ ವಾರ ಅಂಗಡಿ ಬಾಗಿಲು ತೆಗೆಯುವುದು ಹೇಗೆ. ಸಿನಿಮಾದಲ್ಲಿ ಎರಡು ಗಂಟೆ ಕೂರಿಸಿ ಏನೂ ಬದಲಾಗಲಿಲ್ಲ ಅಂದರೆ ಜನ ಬಿಡುತ್ತಾರಾ?

ಅದಕ್ಕಿಂತ ದೊಡ್ಡ ತಲೆಬಿಸಿ ಇನ್ನೊಂದು ಉಂಟು. ಮೊದಲ ಕಂತು ಶುರುವಾಗಿ ಸ್ವಲ್ಪ ಹೊತ್ತಿಗೇ ಅವರಿಬ್ಬರಿಗೆ ಮದುವೆ ಆಗಿಬಿಡುತ್ತದೆ! ಅವಳು ನಿಜ ಹೇಳುವುದು ಮದುವೆ ಆದ ರಾತ್ರಿ. ಲವ್ ಸ್ಟೋರಿಗೆ ಬಂಡವಾಳವೇ ಮದುವೆಗೆ ಮುಂಚಿನದ್ದು. ಇಲ್ಲಿ ಅದನ್ನೇ ನುಂಗಿ ನೀರು ಕುಡಿದಿದ್ದಾರೆ.

ಹಾಲಿವುಡ್‌ನವರು 2005ರಲ್ಲಿ ಇದೇ ಸೀರಿಯಲ್ಲನ್ನು ಸಿನಿಮಾ ಮಾಡುವಾಗ ಬೇರೆ ದಾರಿ ಹಿಡಿದರು. ನಿರ್ದೇಶಕಿ ನೋರಾ ಎಫ್ರಾನ್. ಸೀರಿಯಲ್ಲನ್ನು ಮತ್ತೆ ಮಾಡಲು ಹೊರಟ ನಟನೊಬ್ಬ ಹೆಂಡತಿಯ ಪಾತ್ರಕ್ಕೆ ಹುಡುಗಿ ಹುಡುಕುತ್ತಾನೆ, ಸಿಕ್ಕಿದವಳು ನಿಜವಾದ ಮಂತ್ರಗಾತಿ. ಕೇಳಲಿಕ್ಕೆ ಚಂದ. ಆದರೆ ನಿಕೋಲ್ ಕಿಡ್ಮನ್, ವಿಲ್ ಫೆರೆಲ್ ಇಬ್ಬರಿಗೂ ಆ ಸಲದ ಅತಿ ಕೆಟ್ಟ ಜೋಡಿ ಅಂತ ಗೇಲಿ ಪ್ರಶಸ್ತಿ ರ‍್ಯಾಝಿ ಬಂತು. ನನ್ನ ಪ್ರಕಾರ ಜೋಡಿಯದ್ದು ತಪ್ಪಲ್ಲ. ಸಿನಿಮಾದೊಳಗೆ ಸೀರಿಯಲ್ ತುರುಕಿದ ಮೇಲೆ ಆ ಇಬ್ಬರಿಗೆ ಸುಮ್ನೆ ಎದುರುಬದುರು ಕೂತು ಮಾತಾಡಲಿಕ್ಕೆ ಜಾಗವೇ ಉಳಿಯಲಿಲ್ಲ.

ಹಕ್ಕು ಕೊಳ್ಳುವ ದುಡ್ಡು ನಮ್ಮ ಹತ್ತಿರ ಕನಸಿನಲ್ಲೂ ಇಲ್ಲ. ವಕೀಲ ಗೆಳೆಯನೊಬ್ಬ 1978ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದ. ಆರ್.ಜಿ. ಆನಂದ್ ಅನ್ನುವ ನಾಟಕಕಾರರು ತಮ್ಮ ನಾಟಕವನ್ನು ಕದ್ದು ಸಿನಿಮಾ ಮಾಡಿದ್ದಾರೆ ಅಂತ ಹಾಕಿದ ಕೇಸು, ಸೋತರು. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಉಂಟು. ಎರಡನ್ನೂ ನೋಡಿದವನಿಗೆ ಇದು ಅದರದ್ದೇ ನಕಲು ಅಂತ ಅನ್ನಿಸಬಾರದು. ಹಾಗಾಗಿ ಹೆಸರು, ದೃಶ್ಯ, ಮಾತು ಒಂದನ್ನೂ ಮುಟ್ಟಬೇಡ ಅಂದ. ನಾನು ರಿಮೇಕ್ ಅನ್ನುವುದು ಅಭ್ಯಾಸಬಲದಿಂದ, ಎಳೆದುಕೊಂಡದ್ದು ಒಂದು ನೂಲು ಮಾತ್ರ.

ಇನ್ನು ಅವಳು ಯಾರು? ನಮ್ಮ ಕಡೆ ಮಾಟ ಅಂದರೆ ಕುಶಾಲಿನ ವಿಷಯ ಅಲ್ಲ, ಹೆದರಿ ನಿದ್ದೆಗೆಟ್ಟವರನ್ನು ನಾನೇ ನೋಡಿದ್ದೇನೆ. ದೈವದ ಸುದ್ದಿಗಂತೂ ಹೋಗುವ ಹಾಗೇ ಇಲ್ಲ. ಕೊನೆಗೆ ದಾರಿ ತೋರಿಸಿದ್ದು ಯಕ್ಷಗಾನ. ಶಾಪ ಬಿದ್ದ ಗಂಧರ್ವರು ಭೂಮಿಗೆ ಬರುವುದನ್ನು ಬಯಲಾಟದಲ್ಲಿ ಎಷ್ಟು ಸಲ ನೋಡಿಲ್ಲ ನಾವು? ನಾಯಕಿ ಗಂಧರ್ವರ ಮನೆಯ ಹುಡುಗಿ ಅಂದರೆ ಮುಗಿಯಿತು, ವಿವರಣೆ ಬೇಡ. ಸೀರಿಯಲ್ಲಿನಲ್ಲಿ ಹೆಂಡತಿ ಮೂತಿ ಅಲುಗಿಸಿದರೆ ಮಂತ್ರ. ಇಲ್ಲಿ ಅವಳು ದೃಷ್ಟಿ ತೆಗೆದು ಹಣೆಯ ಬದಿಗೆ ನೆಟಿಗೆ ಮುರಿಯುತ್ತಾಳೆ. ಆ ಲಟಲಟ ಸದ್ದಿಗೆ ಮೈಕಿನ ಹತ್ತಿರ ಹಸಿ ಅಲಸಂಡೆ ಮುರಿದೆವು, ರಾತ್ರಿ ಅದೇ ಪಲ್ಯ.

ಅತ್ತೆಯ ಪಾತ್ರ ತಾನಾಗಿ ಬಂತು. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಮನೆತನ ಲೆಕ್ಕ ಹಾಕುವ ಊರು ಇದು, ಅಮ್ಮನ ಮನೆಯ ಗತ್ತು ಏನೆಂದು ಹೇಳಿಕೊಡಬೇಕಾ? ಸೀರಿಯಲ್ಲಿನ ಅತ್ತೆ ಅಳಿಯನ ಹೆಸರನ್ನು ಬೇಕೆಂದೇ ತಪ್ಪು ಹೇಳುತ್ತಾಳೆ. ನಮ್ಮವನು ಸುಧಾಕರ. ಅವಳ ಬಾಯಲ್ಲಿ ದಿವಾಕರ, ಪ್ರಭಾಕರ, ರತ್ನಾಕರ. ಇದೂ ನಕಲಲ್ವಾ ಅಂತ ವಕೀಲ ಮುಖ ಸಿಂಡರಿಸಿದ, "ನನ್ನ ಅತ್ತೆಯೂ ಹಾಗೇ ಮಾರಾಯ" ಅಂದೆ. ಕೊನೆಯ ದೃಶ್ಯದಲ್ಲಿ ಸರಿಯಾದ ಹೆಸರು ಹೇಳುವ ಹಾಗೆ ಬರೆದಿದ್ದೆ. ಓದುವಾಗ ಎಲ್ಲರೂ ಮುಂಚೆಯೇ ಊಹಿಸಿದರು, ತೆಗೆದು ಬಿಸಾಡಿದೆ.

ಆ ಓದು ನಡೆದದ್ದು ಉರ್ವದಲ್ಲಿ ಒಬ್ಬರ ಮನೆಯ ಟೆರೇಸಿನಲ್ಲಿ. ಮಂತ್ರ ಮಾಡುವುದಿಲ್ಲ ಅಂತ ಅವಳು ಗಂಡನಿಗೆ ಮಾತು ಕೊಡುತ್ತಾಳೆ, ಆಮೇಲೆ ಮುರಿಯುತ್ತಾಳೆ. ಇಡೀ ಸೀರಿಯಲ್ ಓಡುವುದೇ ಇದರ ಮೇಲೆ. ನಾನೂ ಹಾಗೇ ಬರೆದಿದ್ದೆ. ಗೆಳತಿಯ ಪಾತ್ರದ ಕಾಲೇಜು ಹುಡುಗಿ ಮಧ್ಯೆ ನಿಲ್ಲಿಸಿದಳು. "ಸರ್, ಅವನ ಅಂಗಡಿ ಮುಚ್ಚುವ ಹಾಗೆ ಆಗಿದೆ. ಇವಳಿಗೆ ಸರಿ ಮಾಡ್ಲಿಕ್ಕೆ ಆಗ್ತದೆ. ಆದ್ರೂ ಸುಮ್ನೆ ಕೂರ್ಬೇಕಾ? ಎಂತಕ್ಕೆ?" ಅದೇ ಅಲ್ವಾ ಕಾಮಿಡಿ ಅಂತ ಗದರಿದೆ. ಅವಳು ನಗಲಿಲ್ಲ. ಅವಳ ಪಕ್ಕ ಕೂತಿದ್ದ ಇನ್ನಿಬ್ಬರೂ ನಗಲಿಲ್ಲ.

ಮನೆಗೆ ಹೋಗಿ ಎಷ್ಟು ಹೊರಳಿದರೂ ಅದೇ ಪ್ರಶ್ನೆ. ಮಾತು ಕೊಡುವುದನ್ನೇ ತೆಗೆದರೆ? ನಮ್ಮ ಸುಧಾಕರನಿಗೆ ಹಂಪನಕಟ್ಟೆಯ ಹತ್ತಿರ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಅವಳ ಪರಿಚಯ ಆದ ಮೇಲೆ ಆರ್ಡರ್ ಮೇಲೆ ಆರ್ಡರ್, ತಾನು ದೊಡ್ಡ ಕಲಾವಿದ ಅಂತ ಅವನಿಗೆ ಭ್ರಮೆ. ಇಂಟರ್‌ವಲ್‌ನಲ್ಲಿ ಗುಟ್ಟು ಬಯಲು, ಎಲ್ಲ ಅವಳ ಮಂತ್ರ. ಅವಳು ಗಂಧರ್ವ ಹುಡುಗಿ ಅನ್ನುವುದು ಅವನಿಗೆ ದೊಡ್ಡ ವಿಷಯವೇ ಅಲ್ಲ. ಅವನು ಕೇಳುವುದು ಇಷ್ಟೇ, "ಇದ್ರಲ್ಲಿ ನಾನೇ ಮಾಡಿದ್ದು ಯಾವುದು?" ಅವಳು ಬಾಯಿ ಬಿಡುವುದಿಲ್ಲ. ಆ ಮೌನ ಸಿಕ್ಕಿದ ಮೇಲೆ ಉಳಿದ ಅರ್ಧ ಹನ್ನೊಂದು ದಿನದಲ್ಲಿ ಬರೆದಾಯಿತು. ಮದುವೆಗೆ ಮುಂಚೆ ಇಬ್ಬರ ನಡುವೆ ನಿಲ್ಲಿಸಲಿಕ್ಕೆ ಒಂದು ಗೋಡೆ ಬೇಕಿತ್ತು, ಅದು ಇದು. ಆ ಹುಡುಗಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ, ಸಂಭಾವನೆ ಜಾಸ್ತಿ ಮಾಡಿ ಅಂದಳು.

ಶೂಟಿಂಗ್ ಮಳೆ ಬಿಟ್ಟ ಮೇಲೆ, ಹತ್ತೊಂಬತ್ತು ದಿನ, ಹೆಚ್ಚಿನದ್ದು ಜೆಪ್ಪು ಕಡೆಯ ಹಂಚಿನ ಮನೆಯಲ್ಲಿ. ಗ್ರಾಫಿಕ್ಸಿಗೆ ದುಡ್ಡಿಲ್ಲ, ಆ ಸೀರಿಯಲ್ ಕಾಲದ ಉಪಾಯವನ್ನೇ ಹಿಡಿದೆವು. ಕ್ಯಾಮೆರಾ ನಿಲ್ಲಿಸು, ಎಲ್ಲರೂ ಕಲ್ಲಿನ ಹಾಗೆ ನಿಲ್ಲಿ, ಟೇಬಲ್ಲಿನ ಲೋಟ ತೆಗೆ, ಮತ್ತೆ ಓಡಿಸು. ಲೋಟ ಮಾಯ. ಸ್ಟುಡಿಯೋ ಒಳಗೆ ಇದು ಸಲೀಸು. ನಮ್ಮ ಮನೆಗೆ ಕಿಟಕಿ ಉಂಟು, ಕಿಟಕಿಯಾಚೆ ತೆಂಗಿನ ಮರ ಉಂಟು. ನಟರು ಅಲ್ಲಾಡದಿದ್ದರೂ ಗರಿ ಅಲ್ಲಾಡುತ್ತದೆ, ಮೋಡ ಬಂದು ಬೆಳಕೇ ಬೇರೆ ಆಗುತ್ತದೆ. ಎರಡನೇ ದಿನದಿಂದ ಕಿಟಕಿಗೆ ಪರದೆ ಕಟ್ಟಿದೆವು, ಫ್ಯಾನ್ ಬಂದ್, ಆ ಸೆಕೆಯಲ್ಲಿ ಅತ್ತೆಯ ಪಾತ್ರದ ಅಕ್ಕನ ಮೇಕಪ್ ಇಳಿದು ಸೀರೆಗೆ ಬಿತ್ತು.

ಎಡಿಟಿಂಗಿನಲ್ಲಿ ಇನ್ನೊಂದು ಗೊತ್ತಾಯಿತು. ಸೀರಿಯಲ್ಲಿನಲ್ಲಿ ಜೋಕ್ ಆದ ಮೇಲೆ ನಗುವಿನ ಸದ್ದು ಸೇರಿಸುತ್ತಿದ್ದರು, ಅದಕ್ಕೆ ಮಾತಿನ ನಡುವೆ ಜಾಗ ಇರುತ್ತದೆ. ನಮ್ಮವರು ತುಳು ನಾಟಕದವರು, ಟೌನ್‌ಹಾಲಿನಲ್ಲಿ ಜನ ನಕ್ಕು ಮುಗಿಯಲಿ ಅಂತ ಕಾದು ಅಭ್ಯಾಸ. ಕ್ಯಾಮೆರಾ ಎದುರೂ ಕಾದಿದ್ದಾರೆ! ಪರದೆಯಲ್ಲಿ ನೋಡಿದರೆ ಎಲ್ಲರೂ ಮುಂದಿನ ಮಾತು ಮರೆತ ಹಾಗೆ. ಆ ಕಾಯುವಿಕೆ ಮಾತ್ರ ಕತ್ತರಿಸಿದ್ದಕ್ಕೆ ಹದಿನಾಲ್ಕು ನಿಮಿಷ ಕಡಿಮೆ ಆಯಿತು.

ಮೊನ್ನೆ ಉಡುಪಿಯಲ್ಲಿ ಐವತ್ತು ಜನ ಪರಿಚಯದವರಿಗೆ ತೋರಿಸಿದೆವು. "ನಾನೇ ಮಾಡಿದ್ದು ಯಾವುದು" ಅನ್ನುವಲ್ಲಿ ಹಾಲ್ ಪೂರ್ತಿ ಚುಪ್ ಆಯಿತು, ನನ್ನ ಎದೆ ಡವಡವ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಏಳೆಂಟು ವರ್ಷದ ಹುಡುಗನೊಬ್ಬ, "ಅಮ್ಮಾ, ಆಗ ಲೋಟ ಹೋಗುವಾಗ ತೆಂಗಿನ ಗರಿ ಹಾರಿತು" ಅಂದ. ಅದು ಮೊದಲ ದಿನದ ಶಾಟ್, ಪರದೆ ಕಟ್ಟುವ ಮುಂಚಿನದ್ದು.