ಉದ್ರಿ ಪುಸ್ತಕದ ಹಿಂದೆ ಹಾಕಿದ ಲೆಕ್ಕ

ಧಾರವಾಡದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಅಪ್ಪ ಇಟ್ಟಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಬಾಸೆಲ್ ಮಿಷನ್ ಅನ್ನುವ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ನಮ್ಮ ಮನೆತನ ಸಭೆಗೆ, ಅಂದರೆ ಚರ್ಚಿಗೆ, ಸೇರಿದ್ದು ಮುತ್ತಜ್ಜನ ಕಾಲಕ್ಕೆ. ಅಂದರೆ ನಾನು ಹುಟ್ಟಾ ಕ್ರೈಸ್ತ. ಕೂಸಿದ್ದಾಗಲೇ ದೀಕ್ಷಾಸ್ನಾನ, ಹದಿನಾರಕ್ಕೆ ದೃಢೀಕರಣ (ನಂಬಿಕೆಯನ್ನು ಸಭೆಯ ಮುಂದೆ ತಾನೇ ಒಪ್ಪಿಕೊಳ್ಳುವ ವಿಧಿ), ಆಮೇಲೆ ಸಭೆಯ ಕಮಿಟಿಯಲ್ಲಿ ಖಜಾಂಚಿ. ಕಾಣಿಕೆ ಎಣಿಸುವುದರಲ್ಲಿ ನನ್ನಷ್ಟು ಚುರುಕು ಇನ್ನೊಬ್ಬರಿರಲಿಲ್ಲ.

"ನಿಮಗೆ ರಕ್ಷಣೆ ಆಗಿದೆಯಾ?" ಅಂತ, ಅಂದರೆ ಯೇಸುವನ್ನು ನಂಬಿ ಪಾಪದಿಂದ ಬಿಡುಗಡೆ ಸಿಕ್ಕಿದೆಯಾ ಅಂತ, ಯಾರಾದರೂ ಕೇಳಿದರೆ ಮಾತ್ರ ಸಿಟ್ಟು ಬರುತ್ತಿತ್ತು. ಮೂರು ತಲೆಮಾರಿನ ಮನೆತನಕ್ಕೆ ಕೇಳುವ ಪ್ರಶ್ನೆಯೇ ಇದು? ಕನ್ವೆನ್ಷನ್ ಕೂಟಗಳಲ್ಲಿ "ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿ" ಅಂದಾಗ ಮೂರು ಸಲ ಕೈ ಎತ್ತಿದ್ದೇನೆ. ಒಮ್ಮೆ ಪಕ್ಕದ ಗೆಳೆಯ ಎತ್ತಿದ ಅಂತ. ಒಮ್ಮೆ ಹಾಡು ಚಲೋ ಇತ್ತು ಅಂತ. ಮೂರನೆಯದು ನೆನಪಿಲ್ಲ. ಕೈ ಎತ್ತುವುದು ತಪ್ಪು ಅಂತಲ್ಲ. ನನ್ನ ಕೈಗೆ ಅದು ಸಲೀಸಾಗಿ ಬರುತ್ತಿತ್ತು, ಅಷ್ಟೇ.

ನನ್ನ ತಮ್ಮ ಅಂಗಡಿಯಿಂದ 80,000 ರೂಪಾಯಿ ತೆಗೆದುಕೊಂಡು ಹೋಗಿ ತಿರುಗಿ ಕೊಟ್ಟಿರಲಿಲ್ಲ. ಆರು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ. ಅಷ್ಟೂ ವರ್ಷ ಯೇಸುವಿನ ಮರಣದ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನವನ್ನು ನಾನು ತಪ್ಪಿಸಿದವನಲ್ಲ.

ಒಂದು ಭಾನುವಾರ ಸಭೆಯಲ್ಲಿ ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಓದಿದರು. ಯೇಸು ಹೇಳಿದ, ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾದ ಆಳಿನ ಕಥೆ. ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಆಳು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾದ ಜೊತೆಯ ಆಳಿನ ಕುತ್ತಿಗೆ ಹಿಸುಕುತ್ತಾನೆ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಆದರೆ ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ಕೂತು, ಸುಮ್ನೆ, ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತಿಗೆ ಆರು ಕೋಟಿ ದಿನದ ಕೂಲಿ. ಒಂದು ದಿನವೂ ಬಿಡದೆ ದುಡಿದರೂ 1,64,000 ವರ್ಷ ಬೇಕು! ನೂರು ದಿನಾರಿ ಅಂದರೆ ಮೂರು ತಿಂಗಳಿಗಿಂತ ತುಸು ಹೆಚ್ಚಿನ ದುಡಿಮೆ. ದಿನಕ್ಕೆ 500 ಹಿಡಿದರೆ 50,000. ನನ್ನ ತಮ್ಮನ ಬಾಕಿ ಅಲ್ಲೇ ಆಸುಪಾಸು.

ಇನ್ನೊಂದು ಮಾತು ಕಣ್ಣಿಗೆ ಬಿತ್ತು. ಆ ಆಳು ಸಾಲ ಬಿಡು ಅಂತ ಕೇಳಿಯೇ ಇಲ್ಲ. "ಸ್ವಲ್ಪ ತಾಳಿಕೋ, ಎಲ್ಲಾ ತೀರಿಸುತ್ತೇನೆ" ಅಂದ. 1,64,000 ವರ್ಷದ ಸಾಲಕ್ಕೆ ವಾಯಿದೆ ಕೇಳಿದ! ನಾನು ಮಾಡುತ್ತಿದ್ದದ್ದೂ ಅದೇ. ಭಾನುವಾರದ ಹಾಜರಿ, ದಶಮಾಂಶ ಅಂತ ಸಭೆಗೆ ಕೊಡುವ ಗಳಿಕೆಯ ಹತ್ತನೇ ಒಂದು ಪಾಲು, ಕಮಿಟಿ ಕೆಲಸ. ಎಲ್ಲಾ ಕಂತು.

ಆದರೂ ನನ್ನ ಸಾಲ ಅಷ್ಟು ದೊಡ್ಡದು ಅಂತ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಹಾಳೆ ಮುಂದಕ್ಕೆ ಮಗುಚಿದಾಗ ಒಬ್ಬ ಅಜ್ಜಿಯ ಖಾತೆ ಬಂತು. ಮನೆಗೆಲಸ ಮಾಡುವ ಮುದುಕಿ, ಓದು ಬರದು. ಅವಳ ಹೆಸರಿನಲ್ಲಿ ಆಗಾಗ ಹತ್ತು, ಇಪ್ಪತ್ತು ಜಾಸ್ತಿ ಬರೆದಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಕೂಡಿದರೆ 640 ರೂಪಾಯಿ. ಆ ಸಣ್ಣ ಮೊತ್ತ ನೋಡಿ ನನ್ನ ಬಗ್ಗೆಯೇ ಅಸಹ್ಯವಾಯಿತು. ತಮ್ಮ ಮಾಡಿದ್ದು ಎದುರಿಗೆ, ನಾನು ಮಾಡಿದ್ದು ಕದ್ದು.

ನಮ್ಮ ಸಭೆಯಲ್ಲಿ ರಿಟೈರಾದ ಒಬ್ಬ ಅಕ್ಕೋರು ಇದ್ದಾರೆ. ಸಂಡೇ ಸ್ಕೂಲಿನಲ್ಲಿ ನನಗೆ ಕಲಿಸಿದವರು. ಅವರ ಮನೆಗೆ ಹೋಗಿ ಎಲ್ಲಾ ಹೇಳಿದೆ. "ಅಕ್ಕೋರ, ನಾ ಯೇಸುಸ್ವಾಮಿನ್ನ ನಂಬೀನಲ್ರೀ, ಮತ್ತ ಯಾಕ ಹಿಂಗ?" ಅಂದೆ.

ಅವರು ಚಹಾ ಕೊಟ್ಟು ಕೇಳಿದರು, "ತಮ್ಮಾ, ನೀ ಉದ್ರಿ ಕೊಡೂಮುಂದ ಆ ಮನಶಾ ಅದಾನ ಅಂತ ನಂಬತೀಯೋ, ಮನಶಾನ್ನ ನಂಬತೀಯೋ?"

ಆಮೇಲೆ ಅವರೇ ಬೈಬಲಿನಲ್ಲಿ ಯಾಕೋಬನ ಪತ್ರಿಕೆ ತೆಗೆದು ತೋರಿಸಿದರು. ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ ಅಲ್ಲಿದೆ. ದೇವರಿದ್ದಾನೆ, ಯೇಸು ಶಿಲುಬೆಯ ಮೇಲೆ ಸತ್ತ, ಮೂರನೇ ದಿನ ಎದ್ದ ಅಂತ ನಾನು ನಂಬಿದ್ದು ಹೌದು. ಆತನನ್ನು ನಂಬಿ ನನ್ನ ಖಾತೆ ಒಪ್ಪಿಸಿದವನಲ್ಲ.

ಶಿಲುಬೆ ಯಾಕೆ ಬೇಕಿತ್ತು ಅನ್ನುವುದು ನನಗೆ ಪ್ರಸಂಗಗಳಿಂದ ತಿಳಿದಿರಲಿಲ್ಲ, ಅಂಗಡಿಯಿಂದ ತಿಳಿಯಿತು. ಸಾಲ ಬಿಟ್ಟರೆ ಅದು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ. ಬಿಟ್ಟವನ ಗಂಟಿನಿಂದ ಹೋಗುತ್ತದೆ. ಅಕ್ಕಿ ಹೋಗಿದೆ, ರೊಕ್ಕ ಬಂದಿಲ್ಲ, ಲುಕ್ಸಾನು ಯಾರೋ ಒಬ್ಬರು ಹೊರಲೇಬೇಕು. ನಮ್ಮ ಪಾಪದ ಲುಕ್ಸಾನನ್ನು ದೇವರು ಯೇಸುವಿನಲ್ಲಿ ತಾನೇ ಹೊತ್ತ ಅನ್ನುವುದೇ ಸುವಾರ್ತೆ. ಅದಕ್ಕೇ ಅದು ಬಿಟ್ಟಿ, ಆದರೆ ಅಗ್ಗ ಅಲ್ಲ.

ಅವತ್ತು ರಾತ್ರಿ ಷಟರ್ ಅರ್ಧ ಇಳಿಸಿ, ಅಕ್ಕಿ ಚೀಲಗಳ ನಡುವೆ ಮೊಣಕಾಲೂರಿದೆ. ಸಭೆಯಲ್ಲಿ ಪ್ರಾರ್ಥನೆ ಮಾಡುವಾಗ ನನ್ನದು ಗ್ರಂಥದ ಕನ್ನಡ. ಅದು ಅವತ್ತು ಬರಲೇ ಇಲ್ಲ. "ಸ್ವಾಮಿ, ನನ್ನ ಕೈಲೆ ತೀರಸಾಕ ಆಗೂದಿಲ್ಲ. ನೀನ ತೀರಸೀದಿ ಅಂತ ನಿನ್ನ ನಂಬೇನಿ. ನನ್ನ ಬಿಡಬ್ಯಾಡ." ಅಷ್ಟೇ. ಬೆಳಕು ಕಾಣಲಿಲ್ಲ, ಅಳುವೂ ಬರಲಿಲ್ಲ. ಎದ್ದು, ಕದ ಹಾಕಿ, ಮನೆಗೆ ಹೋಗಿ ಊಟ ಮಾಡಿದೆ. ಬೇರೆಯವರು ತಾವು ನಂಬಿದ ಬಗೆ ಹೇಳುವ ಸಾಕ್ಷಿಗಳಲ್ಲಿ ಕೇಳಿದಂತೆ ಏನೂ ಆಗಲಿಲ್ಲವಲ್ಲ ಅಂತ ಒಂದು ವಾರ ಪೇಚಾಡಿದೆ. ಅಕ್ಕೋರು, "ಅನಿಸಿಕಿ ಮ್ಯಾಲ ನಿಂದರಬ್ಯಾಡ, ಆತನ ಮಾತಿನ ಮ್ಯಾಲ ನಿಂದರು" ಅಂದರು.

ಮಾರ್ಕನ ಸುವಾರ್ತೆಯಿಂದ ಶುರು ಮಾಡು ಅಂದರು. ಹದಿನಾರೇ ಅಧ್ಯಾಯ. ಅಂಗಡಿ ತೆರೆಯುವ ಮುಂಚೆ ದಿನಕ್ಕೊಂದು ಓದಿದೆ. ಎಷ್ಟೋ ದಿನ ಬೇಜಾರಾಗಿದ್ದೂ ಉಂಟು, ನಿಜ ಹೇಳಬೇಕಲ್ವಾ. ನಂತರ ಲೂಕ. ಹತ್ತೊಂಬತ್ತನೇ ಅಧ್ಯಾಯದಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯ ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಅದೂ ಯೇಸು ಅವನ ಮನೆಗೆ ಬರುತ್ತೇನೆ ಅಂದ ಮೇಲೆ. ಕೊಟ್ಟಿದ್ದಕ್ಕೆ ಬಂದದ್ದಲ್ಲ, ಬಂದದ್ದಕ್ಕೆ ಕೊಟ್ಟಿದ್ದು. ನಾನು ಇಷ್ಟು ವರ್ಷ ಇದನ್ನು ತಿರುವುಮುರುವು ಓದಿದ್ದೆ.

2,560 ರೂಪಾಯಿ ಲಕೋಟೆಯಲ್ಲಿ ಹಾಕಿ ಅಜ್ಜಿಯ ಮನೆಗೆ ಹೋದೆ. ತಪ್ಪು ಹೇಳಿಕೊಂಡೆ. ಅವಳು ಆಶ್ಚರ್ಯಪಡಲಿಲ್ಲ.

"ನನಗ ಗೊತ್ತಿತ್ತು ಬಿಡಪಾ. ಬ್ಯಾರೆ ಯಾರು ಉದ್ರಿ ಕೊಡ್ತಾರ ನನಗ?"

ಷಟರ್ ಕೆಳಗೆ ಬಾರದ ಅಳು ಅವಳ ಹೊಸ್ತಿಲಲ್ಲಿ ಬಂತು.

ತಮ್ಮನ ಪುಟಕ್ಕೆ ಅಡ್ಡಗೆರೆ ಎಳೆಯಲು ಮತ್ತೆ ಎಂಟು ತಿಂಗಳು ಹಿಡಿಯಿತು. ಫೋನ್ ಮಾಡಿದೆ. "ಯಾಕಣ್ಣಾ, ರೊಕ್ಕ ಬೇಕಾಗ್ಯಾವೇನು?" ಅಂದ. ಬೇಡ, ಅದು ಮುಗೀತು ಅಂದೆ. ಅವನು ಫೋನ್ ಇಟ್ಟುಬಿಟ್ಟ. ಆ 80,000 ಈಗಲೂ ಒಮ್ಮೊಮ್ಮೆ ರಾತ್ರಿ ನೆನಪಾಗುತ್ತದೆ, ಮತ್ತೆ ಗೆರೆ ಎಳೆಯುತ್ತೇನೆ. ಮೊದಲನೇ ಕ್ರಿಸ್‌ಮಸ್‌ಗೆ ಬರುತ್ತೇನೆ ಅಂತ ಹೇಳಿ ಕಳಿಸಿದ, ಬರಲಿಲ್ಲ. ಈ ಸಲವೂ ಬರಲಿಲ್ಲ. ಆದರೆ ಅವನ ಹೆಂಡತಿ ಮಾಡಿದ ಕರ್ಚಿಕಾಯಿ ಒಂದು ಡಬ್ಬಿ ತುಂಬ ಬಸ್ಸಿನಲ್ಲಿ ಬಂತು. ಡಬ್ಬಿ ಖಾಲಿ ಕಳಿಸಬಾರದು ಅಂತ ನನ್ನ ಹೆಂಡತಿ ಒಳಗೆ ಚಕ್ಕುಲಿ ಕರಿಯುತ್ತಿದ್ದಾಳೆ.