ನೋವಾದರೆ ಕೈ ಎತ್ತು

ಹಲ್ಲು ಕೊರೆಯುವ ಮುನ್ನ ಎಲ್ಲ ಮಕ್ಕಳಿಗೂ ನಾನು ಹೇಳುವುದು ಒಂದೇ: "ನೋವಾದರೆ ಎಡಗೈ ಎತ್ತು ಪುಟ್ಟಾ." ಅಭ್ಯಾಸಬಲದಿಂದ ಈ ಹುಡುಗನಿಗೂ ಹೇಳಿಬಿಟ್ಟೆ. ಅವನ ತಾಯಿ ನನ್ನ ಮುಖ ನೋಡಿದರು.

ಮೂರು ವರ್ಷದ ಮಗು. ನಾಲಿಗೆಯ ತುದಿಯಲ್ಲಿ ಒಂದು ಚೂರು ಇರಲಿಲ್ಲ. ತೋರುಬೆರಳಿನ ಉಗುರಿದ್ದ ಜಾಗದಲ್ಲಿ ಹಸಿ ಗಾಯ. ಎರಡೂ ಅವನೇ ಕಚ್ಚಿಕೊಂಡದ್ದು. "ಸೂಜಿ ಚುಚ್ಚಿದರೂ ಅಳುತ್ತಿರಲಿಲ್ಲ ಮೇಡಂ, ಗಟ್ಟಿ ಮಗು ಎಂದು ಎಲ್ಲರೂ ಹೊಗಳುತ್ತಿದ್ದರು" ಎಂದರು. ಮನೆಯಲ್ಲಿ ಹೊಡೆಯುತ್ತೀರಾ ಎಂದು ಒಬ್ಬ ವೈದ್ಯರು ಕೇಳಿದ್ದರಂತೆ; ಅದನ್ನು ಹೇಳುವಾಗ ಮಾತ್ರ ದನಿ ನಡುಗಿತು.

ಇದು ನೋವೇ ತಿಳಿಯದ ಕಾಯಿಲೆ ಎಂಬ ಸುಳಿವು ಕೊಟ್ಟದ್ದು ಜ್ವರ. ರಾಯಚೂರಿನ ಬೇಸಿಗೆಯಲ್ಲಿ ಮೈ ಕಾದ ಹೆಂಚಾದರೂ ಹನಿ ಬೆವರಿಲ್ಲ. ಪರೀಕ್ಷೆಯಲ್ಲಿ ಎನ್‌ಟಿಆರ್‌ಕೆ1 ಜೀನಿನ ಎರಡೂ ಪ್ರತಿಗಳು ಕೆಟ್ಟಿರುವುದು ತಿಳಿಯಿತು. ಈ ಜೀನ್ ಸರಿಯಿಲ್ಲದಿದ್ದರೆ ನೋವು, ಬಿಸಿಯನ್ನು ಮಿದುಳಿಗೆ ಮುಟ್ಟಿಸುವ ಸಣ್ಣ ನರಗಳು ಗರ್ಭದಲ್ಲಿರುವಾಗಲೇ ನಾಶವಾಗುತ್ತವೆ. ಬೆವರಿನ ಗ್ರಂಥಿಗಳಿಗೆ ಹೋಗುವ ನರಗಳೂ ಅಷ್ಟೇ. ಸ್ಪರ್ಶ ಉಳಿದಿರುತ್ತದೆ: ಕೆನ್ನೆ ಸವರಿದರೆ ನಗುತ್ತಿದ್ದ. (ಎಸ್‌ಸಿಎನ್9ಎ ಎಂಬ ಬೇರೊಂದು ಜೀನ್ ಕೆಟ್ಟು ನೋವು ತಿಳಿಯದವರಿದ್ದಾರೆ, ಅವರು ಬೆವರುತ್ತಾರೆ, ಆದರೆ ವಾಸನೆ ತಿಳಿಯದು.) ತಾಯಿಯನ್ನು ಮದುವೆಯಾಗಿದ್ದು ಅವರ ಸೋದರಮಾವನೇ; ಒಂದೇ ಕುಟುಂಬದ ಕೆಟ್ಟ ಪ್ರತಿ ಇಬ್ಬರಿಂದಲೂ ಮಗುವಿಗೆ ಬಂದಿತ್ತು. ಮುಂದಿನ ಪ್ರತಿ ಮಗುವಿಗೂ 25% ಸಾಧ್ಯತೆ ಎಂದು ತಿಳಿಸಿ, ತಳಿಶಾಸ್ತ್ರದ ವೈದ್ಯರ ಬಳಿ ಕಳುಹಿಸಿದೆ.

ಹಲ್ಲು ಕೀಳಿಸಿಬಿಡಿ ಎಂದು ಕೆಲವರು ಸಲಹೆ ಕೊಟ್ಟಿದ್ದರು. ನನಗೆ ಮನಸ್ಸಾಗಲಿಲ್ಲ. ಮೊದಲು ಚೂಪಾದ ಅಂಚುಗಳನ್ನು ಉಜ್ಜಿ ನುಣುಪು ಮಾಡಿದೆ. ಆಮೇಲೆ ಅಚ್ಚು ತೆಗೆದು, ಮೆತ್ತನೆಯ ಹಾಳೆಯಿಂದ ಹಲ್ಲು ಮುಚ್ಚುವ ಮೌತ್‌ಗಾರ್ಡ್ ಮಾಡಿ ತೊಡಿಸಿದೆ. ಒಂದು ವಾರ ಬಿಟ್ಟು ಬನ್ನಿ ಎಂದೆ. ತಪ್ಪಿದ್ದು ಅಲ್ಲಿ. ವಾರದ ನಂತರ ಗಾರ್ಡ್ ತೆಗೆದರೆ ಕೆಳಗಿನ ವಸಡಿನಲ್ಲಿ ಅಂಚು ಒತ್ತಿ ಒತ್ತಿ ಬಿಳಿಯ ಹುಣ್ಣು, ಸುತ್ತ ಕೆಂಪು. ಬೇರೆ ಮಗುವಾಗಿದ್ದರೆ ಮೊದಲ ರಾತ್ರಿಯೇ ಕಿತ್ತೆಸೆಯುತ್ತಿತ್ತು. ಇವನು ಅದನ್ನೇ ಹಾಕಿಕೊಂಡು ಆಡುತ್ತಿದ್ದ. ಇಪ್ಪತ್ತು ವರ್ಷ ನಾನು ಕೆಲಸ ಮಾಡಿದ್ದು ಮಕ್ಕಳ ಕಿರುಚಾಟವನ್ನು ನಂಬಿಕೊಂಡು ಎಂದು ಅಂದು ಹೊಳೆಯಿತು.

ಎರಡನೆಯ ಗಾರ್ಡ್ ಮಾಡಿ, ಅದರ ಒಳಗೆ ಬಿಳಿಯ ಪೇಸ್ಟ್ ಸವರಿ ತೊಡಿಸಿದೆ. ಎಲ್ಲಿ ಪೇಸ್ಟ್ ಅಳಿಸಿತೋ ಅಲ್ಲಿ ಒತ್ತುತ್ತಿದೆ ಎಂದರ್ಥ. ಅಷ್ಟು ಕೆತ್ತಿ, ಮತ್ತೆ ಸವರಿ, ಐದಾರು ಸಲ. ಮರುದಿನವೇ ಕರೆಸಿದೆ, ಮೂರನೆಯ ದಿನ ಮತ್ತೆ. ತಾಯಿಗೂ ಒಂದು ಕೆಲಸ ಹಚ್ಚಿದೆ: ರಾತ್ರಿ ಟಾರ್ಚ್ ಹಿಡಿದು ವಸಡು, ನಾಲಿಗೆ, ಕಣ್ಣು, ಬೆರಳುಸಂದಿ, ಅಂಗಾಲು ನೋಡುವುದು. ಗಂಜಿಯ ಬಿಸಿಯನ್ನು ತಮ್ಮ ಬೆರಳಲ್ಲೇ ನೋಡಿ ಉಣಿಸುವುದು ಅವರಿಗೆ ಮೊದಲೇ ರೂಢಿಯಾಗಿತ್ತು.

ನಾಲಿಗೆಯ ಗಾಯ ಒಂದೂವರೆ ತಿಂಗಳಲ್ಲಿ ಮಾಯಿತು. ಹೋದ ಚೂರು ಬರಲಿಲ್ಲ. ಆರು ವರ್ಷಕ್ಕೆ ಹೊಸ ಹಲ್ಲು ಮೂಡತೊಡಗಿದಾಗ ಮತ್ತೆ ಅಚ್ಚು ತೆಗೆಯಬೇಕು. ಈಗಂತೂ ನಾನು ಟಾರ್ಚ್ ಹಚ್ಚಿದರೆ ಸಾಕು, ಹೇಳದೆಯೇ ಬಾಯಿ ತೆರೆದು, ಎರಡೂ ಅಂಗಾಲು ಮೇಲೆತ್ತಿ ತೋರಿಸುತ್ತಾನೆ.